ಖಾಲಿ ಜಾಗವನ್ನು ‘ಅನ್‌ಯೂಸಬಲ್’ ಎನ್ನುತ್ತಿರುವ ಮಿಂಟ್ ಇನ್‌ಸ್ಟಾಲರ್: ಯಾರಾದರೂ ದಾರಿ ತೋರಿಸಿ

ಹಳೆಯಂತ್ರ:
ಮೂರು ಸಂಜೆ ಹಾಳಾದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ವಿಂಡೋಸ್ 10 ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಗೆಯೇ ಉಳಿಸಿಕೊಂಡು ಲಿನಕ್ಸ್ ಮಿಂಟ್ ಹಾಕಬೇಕೆಂದು, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಡಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಬಿಡಿಸಿಕೊಂಡೆ. ಇನ್‌ಸ್ಟಾಲ್ ಮಾಡದೆಯೇ ಮಿಂಟ್ ಓಡಿಸಬಹುದಾದ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಇನ್‌ಸ್ಟಾಲರಿನಲ್ಲಿ ‘ಸಮ್‌ಥಿಂಗ್ ಎಲ್ಸ್’ ಆರಿಸಿದರೆ ಆ 60 ಜಿಬಿಯ ಎದುರು ‘ಅನ್‌ಯೂಸಬಲ್’ (ಬಳಸಲಾಗದ್ದು) ಎಂದಿರುತ್ತದೆ. ಅದನ್ನು ಆರಿಸಿದರೂ ಕೆಳಗಿನ ಪ್ಲಸ್ ಗುಂಡಿ ಮಂಕಾಗಿಯೇ ಇರುತ್ತದೆ. ಐಎಸ್‌ಒ ಕಡತವನ್ನು ಎರಡು ಸಲ ಇಳಿಸಿಕೊಂಡೆ, ಪೆನ್‌ಡ್ರೈವನ್ನೂ ಬದಲಿಸಿದೆ. ಖಾಲಿ ಜಾಗವನ್ನು ಖಾಲಿ ಎಂದು ಒಪ್ಪಿಕೊಳ್ಳಲು ಇದಕ್ಕೇನು ಕಷ್ಟ?

ಬೂಟ್‌ಭೈರವ:
ಇದು ಫಾಸ್ಟ್ ಸ್ಟಾರ್ಟಪ್‌ನ ಕೆಲಸ. ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರ್ಧ ನಿದ್ದೆಗೆ ಹೋಗುತ್ತದೆ, ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯ ಪಾರ್ಟಿಷನ್ನುಗಳನ್ನು (ಡಿಸ್ಕಿನ ಭಾಗಗಳನ್ನು) ಲಿನಕ್ಸ್ ಮುಟ್ಟದಂತಾಗುತ್ತದೆ. ಪವರ್ ಆಪ್ಷನ್ಸಿನಲ್ಲಿ ಅದನ್ನು ಆಫ್ ಮಾಡಿ ಮತ್ತೆ ಪ್ರಯತ್ನಿಸಿ.

ಟರ್ಮಿನಲ್‌ಪ್ರಿಯ:
ಊಹಿಸುವುದಕ್ಕೆ ಮೊದಲು, ಲೈವ್ ಸೆಷನ್ನಿನಲ್ಲಿ ಪಾರ್ಟಿಷನ್ನುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಮತ್ತು ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಆದೇಶಗಳನ್ನು ಓಡಿಸಿದರೆ ಏನು ಬರುತ್ತದೆ ಎಂಬುದನ್ನು ಹಾಕಿ. ಡಿಸ್ಕಿನಲ್ಲಿ ಯಾವ ಪಾರ್ಟಿಷನ್ ಎಲ್ಲಿದೆ ಎನ್ನುವ ಪಟ್ಟಿ ಹಳೆಯ ಎಂಬಿಆರ್ ಮಾದರಿಯದೋ ಹೊಸ ಜಿಪಿಟಿಯೋ ಎಂಬುದನ್ನೂ ತಿಳಿಸಿ.

ಹಳೆಯಂತ್ರ:
ಫಾಸ್ಟ್ ಸ್ಟಾರ್ಟಪ್ ತೆಗೆದೆ, ಏನೂ ಬದಲಾಗಲಿಲ್ಲ. ಮಾಮೂಲಿ ಡಿಸ್ಕ್ ಸರ್, ಸಿ ಮತ್ತು ಡಿ ಇವೆ, ಅಷ್ಟೇ.

ಬೂಟ್‌ಭೈರವ:
ಸೆಟ್ಟಿಂಗಿನಲ್ಲಿ ತೆಗೆದರೆ ಸಾಲದು. ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟು ಹೈಬರ್ನೇಷನ್ನನ್ನೇ (ಕೆಲಸದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಮುಚ್ಚುವುದನ್ನು) ತೆಗೆದುಹಾಕಿ, ಆಮೇಲೆ ಸಿ ಮತ್ತು ಡಿ ಎರಡಕ್ಕೂ ಚೆಕ್‌ಡಿಸ್ಕ್ ಓಡಿಸಿ. ನಾನು ನೋಡಿದ ಇಂತಹ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೆ ಇದೇ ಕಾರಣವಾಗಿತ್ತು.

ನಡುರಾತ್ರಿ:
ಅಷ್ಟೆಲ್ಲ ಏಕೆ? ಆ ಖಾಲಿ ಜಾಗದಲ್ಲಿ ವಿಂಡೋಸಿನಿಂದಲೇ ಹೊಸ ವಾಲ್ಯೂಮ್ (ಪಾರ್ಟಿಷನ್) ಮಾಡಿಕೊಳ್ಳಿ, ಮಿಂಟಿನಲ್ಲಿ ಅದನ್ನು ಅಳಿಸಿ ಬಳಸಿದರಾಯಿತು. ಇಲ್ಲವೇ ಎಂಬಿಆರ್‌2ಜಿಪಿಟಿ ಓಡಿಸಿ ಜಿಪಿಟಿಗೇ ಬದಲಾಯಿಸಿ. ಈ ಕಾಲದಲ್ಲಿ ಎಂಬಿಆರ್ ಇಟ್ಟುಕೊಂಡಿರುವುದೇ ತಪ್ಪು.

ಟರ್ಮಿನಲ್‌ಪ್ರಿಯ:
ದಯವಿಟ್ಟು ಎರಡನ್ನೂ ಮಾಡಬೇಡಿ. ನಾಲ್ಕು ಪ್ರೈಮರಿ ಸ್ಥಾನಗಳೂ ತುಂಬಿರುವ ಎಂಬಿಆರ್ ಡಿಸ್ಕಿನಲ್ಲಿ ಇನ್ನೊಂದು ವಾಲ್ಯೂಮ್ ಕೇಳಿದರೆ, ಇಡೀ ಡಿಸ್ಕನ್ನು ಡೈನಾಮಿಕ್ (ವಿಂಡೋಸಿನದೇ ಬೇರೆ ಬಗೆಯ ವಿಂಗಡಣೆ) ಆಗಿ ಬದಲಾಯಿಸಲೇ ಎಂದು ವಿಂಡೋಸ್ ಕೇಳುತ್ತದೆ. ಅಲ್ಲಿ ಒಮ್ಮೆ ‘ಯೆಸ್’ ಒತ್ತಿದರೆ ಹಿಂದಕ್ಕೆ ಬರುವುದು ಬಹಳ ಕಷ್ಟ. ಎಂಬಿಆರ್‌2ಜಿಪಿಟಿಯಾದರೋ ಮೂರಕ್ಕಿಂತ ಹೆಚ್ಚು ಪ್ರೈಮರಿಗಳಿದ್ದರೆ ಅಥವಾ ಎಕ್ಸ್‌ಟೆಂಡೆಡ್ ಇದ್ದರೆ ಕೆಲಸವನ್ನೇ ಆರಂಭಿಸುವುದಿಲ್ಲ. ಹಳೆಯಂತ್ರ ಅವರೇ, ನಾನು ಕೇಳಿದ್ದು ಇನ್ನೂ ಬಂದಿಲ್ಲ.

ಹಳೆಯಂತ್ರ:
ಕ್ಷಮಿಸಿ, ಈಗ ನೋಡಿ ಬರೆಯುತ್ತಿದ್ದೇನೆ. ಎಸ್‌ಡಿಎ1, ಅಂದರೆ ಡಿಸ್ಕಿನ ಮೊದಲ ಪಾರ್ಟಿಷನ್, 100 ಎಂಬಿ ಎನ್‌ಟಿಎಫ್‌ಎಸ್, ಎಸ್‌ಡಿಎ2 ಸಿ ಡ್ರೈವ್, ಎಸ್‌ಡಿಎ3 ಡಿ ಡ್ರೈವ್. ಎಸ್‌ಡಿಎ4 ಎದುರು 1ಕೆ ಎಂದಷ್ಟೇ ಇದೆ. ಅದರ ನಂತರ ಎಸ್‌ಡಿಎ5 ಇಎಕ್ಸ್‌ಟಿ4 (ಲಿನಕ್ಸಿನ ಮಾದರಿ), ಎಸ್‌ಡಿಎ6 ಸ್ವಾಪ್ (ರ‍್ಯಾಮ್ ಸಾಲದಾದಾಗ ಲಿನಕ್ಸ್ ಬಳಸುವ ಡಿಸ್ಕ್ ಜಾಗ). ಹಿಂದೊಮ್ಮೆ ಉಬುಂಟು 16.04 ಹಾಕಿದ್ದೆ, ಎರಡು ವರ್ಷದಿಂದ ಅದರ ಕಡೆ ಹೋಗಿಲ್ಲವಾದ್ದರಿಂದ ಹೇಳಬೇಕೆನಿಸಲಿಲ್ಲ. ಆದರೆ ಅದರಲ್ಲಿ ನನ್ನ ಹಳೆಯ ಟಿಪ್ಪಣಿಗಳಿವೆ, ಅಳಿಸುವಂತಿಲ್ಲ.

ಟರ್ಮಿನಲ್‌ಪ್ರಿಯ:
ಸಮಸ್ಯೆ ಇಲ್ಲಿಯೇ ಇದೆ. ಎಂಬಿಆರ್ ಪಟ್ಟಿಯಲ್ಲಿ ನಾಲ್ಕೇ ಸಾಲುಗಳಿರುತ್ತವೆ, ನಿಮ್ಮಲ್ಲಿ ನಾಲ್ಕೂ ತುಂಬಿವೆ. ನಾಲ್ಕನೆಯದು ಎಕ್ಸ್‌ಟೆಂಡೆಡ್, ಅಂದರೆ ತನ್ನೊಳಗೆ ಎಷ್ಟು ಲಾಜಿಕಲ್ ಪಾರ್ಟಿಷನ್ನುಗಳನ್ನಾದರೂ ಇಟ್ಟುಕೊಳ್ಳಬಲ್ಲ ಚೀಲ. 1ಕೆ ಎಂದು ತೋರುವುದು ಅದೇ. ನೀವು ಬಿಡಿಸಿದ 60 ಜಿಬಿ ಡಿ ಡ್ರೈವಿನ ಕೊನೆಯಲ್ಲಿ, ಆ ಚೀಲದ ಹೊರಗೆ ಬಿದ್ದಿದೆ. ಹೊರಗೆ ಐದನೆಯ ಪ್ರೈಮರಿ ಮಾಡುವಂತಿಲ್ಲ, ಆದ್ದರಿಂದಲೇ ಇನ್‌ಸ್ಟಾಲರ್ ಅದನ್ನು ‘ಅನ್‌ಯೂಸಬಲ್’ ಎನ್ನುತ್ತಿದೆ, ಸುಳ್ಳು ಹೇಳುತ್ತಿಲ್ಲ. ಟಿಪ್ಪಣಿಗಳನ್ನು ಬೇರೆಡೆ ಪ್ರತಿ ಮಾಡಿಕೊಂಡು, ಲೈವ್ ಸೆಷನ್ನಿನಲ್ಲಿ ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ತೆರೆದು, ಎಸ್‌ಡಿಎ4ರ ಎಡ ಅಂಚನ್ನು ಎಳೆದು ಆ ಜಾಗವನ್ನು ಒಳಗೆ ತಂದುಕೊಳ್ಳಿ.

ಹಳೆಯಂತ್ರ:
ಪ್ರತಿ ಮಾಡಿಕೊಂಡೆ. ಆದರೆ ಜಿಪಾರ್ಟೆಡ್‌ನಲ್ಲಿ ಎಸ್‌ಡಿಎ4ರ ಮುಂದೆ ಒಂದು ಪುಟ್ಟ ಬೀಗದ ಕೈ ಚಿತ್ರವಿದೆ, ಅಂಚು ಅಲುಗಾಡುವುದಿಲ್ಲ. ಇದರ ಯಾವ ಪಾರ್ಟಿಷನ್ನನ್ನೂ ನಾನು ಮೌಂಟ್ ಮಾಡಿಲ್ಲ (ತೆರೆದಿಲ್ಲ).

ಬೂಟ್‌ಭೈರವ:
ನಾನು ಮೊದಲಿನಿಂದ ಹೇಳುತ್ತಿರುವುದು ಇದನ್ನೇ. ವಿಂಡೋಸ್ ಹಾಕಿದ ಬೀಗವದು.

ಟರ್ಮಿನಲ್‌ಪ್ರಿಯ:
ಎಕ್ಸ್‌ಟೆಂಡೆಡ್‌ನೊಳಗೆ ವಿಂಡೋಸಿನದು ಏನೂ ಇಲ್ಲ ಸ್ವಾಮಿ. ಡಿಸ್ಕಿನಲ್ಲಿ ಸ್ವಾಪ್ ಪಾರ್ಟಿಷನ್ ಕಂಡರೆ ಮಿಂಟ್ ಮತ್ತು ಉಬುಂಟುವಿನ ಲೈವ್ ವ್ಯವಸ್ಥೆ ಯಾರನ್ನೂ ಕೇಳದೆ ಅದನ್ನು ಬಳಸತೊಡಗುತ್ತದೆ. ಒಳಗಿನ ಒಂದು ಪಾರ್ಟಿಷನ್ ಬಳಕೆಯಲ್ಲಿದ್ದರೂ ಹೊರಗಿನ ಚೀಲಕ್ಕೆ ಬೀಗ ಬಿದ್ದಂತೆಯೇ. ಎಸ್‌ಡಿಎ6ರ ಮೇಲೆ ಬಲ ಕ್ಲಿಕ್ ಮಾಡಿ ‘ಸ್ವಾಪ್‌ಆಫ್’ ಕೊಡಿ, ಕೀಲಿ ಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನಲ್ಲೇ ಇರಲಿ. ಅಂಚು ಬದಲಾಗುವಾಗ ಕರೆಂಟು ಹೋಗಿ ಯಂತ್ರ ಆರಿದರೆ ಪಟ್ಟಿ ಅರ್ಧಂಬರ್ಧವಾಗಬಹುದು. ಬೂಟ್‌ಲೋಡರ್ (ಯಂತ್ರ ಆರಂಭವಾದಾಗ ವಿಂಡೋಸ್ ಅಥವಾ ಲಿನಕ್ಸನ್ನು ತೆರೆಯುವ ತಂತ್ರಾಂಶ) ಎಲ್ಲಿಗೆ ಎಂದು ಇನ್‌ಸ್ಟಾಲರ್ ಕೇಳಿದಾಗ ಯಾವ ಸಂಖ್ಯೆಯೂ ಇಲ್ಲದ ಎಸ್‌ಡಿಎ (ಇಡೀ ಡಿಸ್ಕ್) ಎಂದೇ ಕೊಡಿ. ಪೆನ್‌ಡ್ರೈವನ್ನು ಬೂಟ್ ಪಟ್ಟಿಯಲ್ಲಿ ಲೆಗಸಿ (ಹಳೆಯ ಬಯೋಸ್) ಕ್ರಮದಲ್ಲೇ ಆರಿಸಿರಬೇಕು, ಏಕೆಂದರೆ ನಿಮ್ಮ ವಿಂಡೋಸ್ ಹಾಗೆಯೇ ಬೂಟ್ ಆಗುತ್ತಿರುವಂತಿದೆ.

ನಡುರಾತ್ರಿ:
ಸ್ವಾಪ್‌ಗೆ ಪಾರ್ಟಿಷನ್ ಬೇಕೆ ಈಗ? ಉಬುಂಟು 17.04ರಿಂದಲೇ ಸ್ವಾಪ್ ಫೈಲ್ ಬಂದಿದೆ. ನನ್ನಲ್ಲಿ ಮೂರು ಡಿಸ್ಕುಗಳಿವೆ, ಒಂದರಲ್ಲೂ ಸ್ವಾಪ್ ಪಾರ್ಟಿಷನ್ ಇಲ್ಲ. ಮಿಂಟ್ ಹಾಕುವಾಗ ಎಸ್‌ಡಿಎ6ನ್ನು ‘ಬಳಸಬೇಡ’ ಎಂದು ಗುರುತಿಸಿ.

ಬೂಟ್‌ಭೈರವ:
ಹೈಬರ್ನೇಟ್ ಮಾಡುವವರಿಗೆ ಪಾರ್ಟಿಷನ್ನೇ ನೆಮ್ಮದಿ. ಇರುವುದನ್ನು ಬಿಟ್ಟು ಡಿಸ್ಕಿನಲ್ಲಿ ಇನ್ನೊಂದು ಫೈಲ್ ಮಾಡುವುದು ದುಂದು. ಎರಡು ಲಿನಕ್ಸ್‌ಗಳು ಒಂದೇ ಸ್ವಾಪ್ ಹಂಚಿಕೊಳ್ಳಬಹುದು.

ನಡುರಾತ್ರಿ:
ಒಂದರಲ್ಲಿ ಹೈಬರ್ನೇಟ್ ಮಾಡಿ ಇನ್ನೊಂದನ್ನು ತೆರೆದರೆ, ಸ್ವಾಪಿನಲ್ಲಿ ಬರೆದಿಟ್ಟ ಸ್ಥಿತಿಯೇ ಹಾಳಾಗಬಹುದು; ಆಗ ನೆಮ್ಮದಿ ಎಲ್ಲಿರುತ್ತದೆಂದು ಬೂಟ್‌ಭೈರವ ಅವರು ಹೇಳಲಿ.

ಹಳೆಯಂತ್ರ:
ಸ್ವಾಪ್‌ಆಫ್ ಕೊಟ್ಟ ಕ್ಷಣ ಕೀಲಿ ಮಾಯವಾಯಿತು. ಅಂಚು ಎಳೆದು ಹಸಿರು ಗುರುತು ಒತ್ತಿದೆ. ಗಂಟೆಗಟ್ಟಲೆ ಕಾಯಬೇಕೆಂದು ಚಹಾ ಮಾಡಲು ಎದ್ದರೆ ನೀರು ಒಲೆಗಿಡುವಷ್ಟರಲ್ಲಿ ಮುಗಿದಿತ್ತು. ಹೊಸ ಪಾರ್ಟಿಷನ್ ಡಿಸ್ಕಿನಲ್ಲಿ ಎಸ್‌ಡಿಎ5ಕ್ಕಿಂತ ಮೊದಲೇ ಇದ್ದರೂ ಅದರ ಹೆಸರು ಎಸ್‌ಡಿಎ7 ಆಗಿದೆ. ಮಿಂಟ್ ಬಂತು, ವಿಂಡೋಸ್ ತೆರೆಯುತ್ತದೆ.
ಆದರೆ ಹಳೆಯ ಉಬುಂಟು ತೆರೆದರೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಕಪ್ಪು ಪರದೆಯಲ್ಲಿ 1 ನಿಮಿಷ 30 ಸೆಕೆಂಡು ಎಣಿಸುತ್ತ ಕೂರುತ್ತದೆ. ಮೊದಲು ಹೀಗಿರಲಿಲ್ಲ.

ಟರ್ಮಿನಲ್‌ಪ್ರಿಯ:
ಇನ್‌ಸ್ಟಾಲರಿನಲ್ಲಿ ಎಸ್‌ಡಿಎ6ನ್ನು ಸ್ವಾಪ್ ಆಗಿಯೇ ಬಿಟ್ಟಿದ್ದಿರಾ? ಬಿಟ್ಟಿದ್ದರೆ ಅದು ಹೊಸದಾಗಿ ಫಾರ್ಮ್ಯಾಟ್ ಆಗಿ ಅದರ ಯುಯುಐಡಿ (ಪಾರ್ಟಿಷನ್ನಿನ ವಿಶಿಷ್ಟ ಗುರುತು) ಬದಲಾಗಿದೆ. ಉಬುಂಟು ಹಳೆಯ ಗುರುತನ್ನೇ ಹುಡುಕುತ್ತ 90 ಸೆಕೆಂಡು ಕಾಯುತ್ತಿದೆ. ‘ಬಿಎಲ್‌ಕೆಐಡಿ’ ಓಡಿಸಿ ಹೊಸ ಯುಯುಐಡಿ ನೋಡಿಕೊಂಡು, ಉಬುಂಟುವಿನ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಕಡತದ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್ನುಗಳ ಪಟ್ಟಿಯ) ಸ್ವಾಪ್ ಸಾಲಿನಲ್ಲಿ ಅದನ್ನು ತುಂಬಿ.

ಹಳೆಯಂತ್ರ:
ಹೌದು, ಬಿಟ್ಟಿದ್ದೆ. ಬೂಟ್‌ಭೈರವ ಅವರು ಹಂಚಿಕೊಳ್ಳಬಹುದು ಎಂದಿದ್ದರಲ್ಲ.

ಬೂಟ್‌ಭೈರವ:
ಹಂಚಿಕೊಳ್ಳಬಹುದು ಎಂದೆ, ಫಾರ್ಮ್ಯಾಟ್ ಮಾಡಿ ಎನ್ನಲಿಲ್ಲ. ಅಂದಹಾಗೆ ಮಿಂಟಿನಿಂದ ಡಿ ಡ್ರೈವಿಗೆ ಬರೆಯುವುದಾದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಯೇ ಇಟ್ಟಿರಿ.

ಹಳೆಯಂತ್ರ:
ಎಫ್‌ಎಸ್‌ಟ್ಯಾಬ್ ತಿದ್ದಿದೆ, ಎಣಿಕೆ ನಿಂತಿತು. ಫಾಸ್ಟ್ ಸ್ಟಾರ್ಟಪ್ ಮೊದಲ ದಿನದಿಂದಲೂ ಆಫ್ ಆಗಿಯೇ ಇದೆ ಸರ್.