ಪದವಿ ಕಾಲೇಜಿನಲ್ಲಿ ‘ಜಾಗತಿಕ ಕಲಿಕೆ’ ಪ್ರಮಾಣಪತ್ರ: ಯಾರಿಗೆ, ಯಾವ ಆಧಾರದ ಮೇಲೆ?

ಲಕ್ಷ್ಮಣತೀರ್ಥ (ಪ್ರಶ್ನೆ)

ನಮ್ಮದು ದಕ್ಷಿಣ ಕೊಡಗಿನ ಪದವಿ ಕಾಲೇಜು. ಬೇರೆ ದೇಶ, ಬೇರೆ ಸಂಸ್ಕೃತಿಯವರ ಜೊತೆ ಒಡನಾಡಿ ಕಲಿತ ಮಕ್ಕಳನ್ನು ಅಂತಿಮ ವರ್ಷದಲ್ಲಿ ಗುರುತಿಸಿ ಪ್ರಮಾಣಪತ್ರ ಕೊಡಬೇಕೆಂದು ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಸಭೆಯಲ್ಲಿ ತೀರ್ಮಾನವಾಗಿದೆ. ವಿದೇಶಕ್ಕೆ ಹೋಗಿ ಬಂದವರಿಗೆ ಮಾತ್ರ ಅಂದರೆ ಅನುಕೂಲಸ್ಥರ ನಾಲ್ಕು ಮಕ್ಕಳಿಗೆ ಸಿಗುತ್ತದೆ. ಬೈಲುಕುಪ್ಪೆಯ ಟಿಬೆಟನ್ ಶಿಬಿರಕ್ಕೆ ಒಂದು ದಿನ ಹೋಗಿ ಬಂದವರಿಗೆಲ್ಲ ಕೊಟ್ಟರೆ ಅದು ಬರೀ ಹಾಜರಾತಿ ಪತ್ರವಾಗುತ್ತದೆ. ಎಷ್ಟು ಗಂಟೆ ಇಡಬೇಕು, ಮೌಲ್ಯಮಾಪನ ಹೇಗೆ, ಅಂಕಪಟ್ಟಿಗೆ ಸೇರಿಸಬಹುದೇ? ತಿಳಿದವರು ಹೇಳಿ.

ಬೆಟ್ಟದಹಾದಿ

ಮೇಡಂ, ಅಂಕಪಟ್ಟಿಯ ವಿಷಯ ಮೊದಲು ಮುಗಿಸೋಣ. ಕ್ರೆಡಿಟ್ ಕೊಡುವ ಅಧಿಕಾರ ವಿಶ್ವವಿದ್ಯಾಲಯದ್ದು. ಅಲ್ಲಿ ಒಪ್ಪಿಗೆ ಸಿಗದ ಕೋರ್ಸು, ವಿದ್ಯಾರ್ಥಿಯ ಕ್ರೆಡಿಟ್ ಜಮಾ ಇಡುವ ರಾಷ್ಟ್ರೀಯ ಖಾತೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಏರುವುದಿಲ್ಲ. ಸದ್ಯಕ್ಕೆ ಕಾಲೇಜು ಮಟ್ಟದ ಪ್ರಮಾಣಪತ್ರವನ್ನೇ ಕೊಡಿ, ಆದರೆ ಗಂಟೆಗಳನ್ನು ಯುಜಿಸಿ ಲೆಕ್ಕಕ್ಕೆ ಕೂರಿಸಿ. ಪಾಠಕ್ಕೆ 15 ಗಂಟೆಗೆ 1 ಕ್ರೆಡಿಟ್, ಕ್ಷೇತ್ರಕಾರ್ಯಕ್ಕೆ 30 ಗಂಟೆಗೆ 1. ಹಾಗಾಗಿ 15 ಗಂಟೆ ತರಗತಿ, 60 ಗಂಟೆ ಒಡನಾಟ ಇಟ್ಟರೆ 3 ಕ್ರೆಡಿಟ್‌ನ ಅಳತೆ. ಮುಂದೆ ಪ್ರಸ್ತಾವ ಕಳಿಸುವಾಗ ಮತ್ತೆ ಲೆಕ್ಕ ಹಾಕುವ ಕೆಲಸವಿಲ್ಲ. ಆ 60 ಗಂಟೆ ಒಂದೇ ಮನೆಯವರ, ಒಂದೇ ಗುಂಪಿನವರ ಜೊತೆ ಆಗಬೇಕು, ಕನಿಷ್ಠ ಹತ್ತು ಭೇಟಿ. ಇದರಲ್ಲಿ ಸಡಿಲ ಬಿಟ್ಟರೆ ಉಳಿದದ್ದೆಲ್ಲ ಸಡಿಲವಾಗುತ್ತದೆ.

ಮೌಲ್ಯಮಾಪನಕ್ಕೆ ಅಮೆರಿಕದ ಎಎಸಿ ಆ್ಯಂಡ್ ಯು ಸಂಸ್ಥೆಯ ‘ವ್ಯಾಲ್ಯೂ’ ರೂಬ್ರಿಕ್ (ಹಂತಹಂತವಾಗಿ ಅಂಕ ಕೊಡುವ ಮಾನದಂಡಗಳ ಪಟ್ಟಿ) ನೋಡಿ. ಅಂತರ್‌ಸಾಂಸ್ಕೃತಿಕ ಜ್ಞಾನಕ್ಕೆ ಅದರಲ್ಲಿ ಆರು ಮಾನದಂಡಗಳಿವೆ, ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಹಂತ. ಆರನ್ನೂ ಹಿಡಿದರೆ ಮೌಲ್ಯಮಾಪಕರು ಸೋತುಹೋಗುತ್ತಾರೆ. ತನ್ನ ಸಂಸ್ಕೃತಿಯ ಅರಿವು, ಅನುಭೂತಿ, ಕುತೂಹಲ ಈ ಮೂರು ಸಾಕು. ಮೂರರಲ್ಲೂ 2 ಬಂದರೆ ಪ್ರಮಾಣಪತ್ರ ಕೊಡಬಹುದು. ಇಬ್ಬರು ಬೇರೆಬೇರೆಯಾಗಿ ಓದಿ ಅಂಕ ಹಾಕಲಿ.

ಅಂಕ ಬೀಳುವುದು ಎಲ್ಲಿ ಅಂತ ನೋಡಿ. ‘ಟಿಬೆಟನ್ನರು ಶಾಂತ ಸ್ವಭಾವದವರು, ಅತಿಥಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದು ಬರೆದರೆ 1. ಬಸ್ಸಿನಿಂದ ಇಳಿಯದೆಯೂ ಬರೆಯಬಹುದಾದ ಮಾತು ಅದು. ‘ಬೆಣ್ಣೆ ಚಹಾ ಬಿಟ್ಟರೆ ಅಜ್ಜಿಗೆ ಬೇಸರವಾದೀತೆಂದು ಕುಡಿದು ಮುಗಿಸಿದೆ, ಅವರು ಮತ್ತೆ ತುಂಬಿಸಿದರು. ಹೀಗೆ ಮೂರು ಸಲ. ನಮ್ಮಲ್ಲಿ ಎಲೆಯಲ್ಲಿ ಬಿಟ್ಟರೆ ತಪ್ಪು, ಅವರಲ್ಲಿ ಅತಿಥಿಯ ಬಟ್ಟಲು ಖಾಲಿ ಇದ್ದರೆ ತಪ್ಪು’ ಎಂದು ಬರೆದರೆ 3 ಕೊಡಿ. ಎಲೆ ಖಾಲಿ ಮಾಡುವುದು ತನ್ನ ಮನೆಯ ರೂಢಿ, ಲೋಕದ ನಿಯಮವಲ್ಲ ಎಂಬುದು ಆ ಮಗುವಿಗೆ ಕಂಡಿದೆ.

ಹೆಚ್ಚಾಗಿ ಕೆಡುವುದು ವರದಿಯನ್ನು ಕೊನೆಯಲ್ಲಿ ಒಟ್ಟಿಗೆ ತರಿಸಿಕೊಂಡಾಗ. ರಾತ್ರೋರಾತ್ರಿ ಬರೆದದ್ದು, ನಕಲು ಮಾಡಿದ್ದೇ ಬರುತ್ತದೆ. ಮೂರು ಸಲ ಬರೆಸಿ: ಮೊದಲ ಭೇಟಿಗೆ ಮುಂಚೆ ತನ್ನ ಊಹೆಗಳ ಬಗ್ಗೆ ಒಂದು ಪುಟ, ಐದನೇ ಭೇಟಿಯಾದ ಎರಡು ದಿನದೊಳಗೆ ಎರಡು ಪುಟ, ಕೊನೆಗೆ ಮೊದಲ ಪುಟವನ್ನೇ ಮುಂದಿಟ್ಟುಕೊಂಡು ಅದಕ್ಕೆ ಉತ್ತರ. ಕನ್ನಡ, ಕೊಡವ ತಕ್ಕ್, ಅರೆಭಾಷೆ ಯಾವುದಾದರೂ ಸರಿ. ಇಂಗ್ಲಿಷ್ ಕಡ್ಡಾಯ ಮಾಡಿದರೆ ನೀವು ಅಳೆಯುವುದು ಇಂಗ್ಲಿಷನ್ನೇ.

ಚೆರ್ರಿಚೀಲ

ವಿದೇಶದ ಕಾಲೇಜಿನ ಜೊತೆ ಆನ್‌ಲೈನ್‌ನಲ್ಲಿ ಕೂಡಿ ಕಲಿಯುವ ದಾರಿಯೂ ಇದೆ. ‘ಕಾಯ್ಲ್’ ಅನ್ನುತ್ತಾರೆ. ಆರು ವಾರ, ಅಲ್ಲಿಯ ಇಬ್ಬರು ಇಲ್ಲಿಯ ಇಬ್ಬರು ಸೇರಿ ಒಂದು ಗುಂಪು, ಒಂದೇ ಕೆಲಸ. ಬರೀ ಪರಿಚಯದ ಮಾತುಕತೆಯಾದರೆ ಎರಡನೇ ವಾರಕ್ಕೇ ಎಲ್ಲರೂ ಸುಮ್ಮನಾಗುತ್ತಾರೆ, ಕೈಗೆ ಕೆಲಸ ಬೇಕು. ಕೊಡಗಿಗೆ ಒಪ್ಪುವ ವಿಷಯ ಕಾಫಿ: ಇಲ್ಲಿ ಬೆಳೆಗಾರರಿಗೆ ಸಿಗುವ ದರ, ಅಲ್ಲಿ ಲೋಟಕ್ಕೆ ಕೊಡುವ ದರ. ಒಂದು ಎಚ್ಚರಿಕೆ, ಇಲ್ಲಿ ದರ ಹೇಳುವುದು 50 ಕೆಜಿ ಚೀಲಕ್ಕೆ. ರೋಬಸ್ಟಾ ಚೆರ್ರಿ ಚೀಲದಲ್ಲಿ ಬೀಜ ಸಿಗುವುದು ಸುಮಾರು 26-28 ಕೆಜಿ. ಈ ಔಟ್‌ಟರ್ನ್ ಬಿಟ್ಟು ಲೆಕ್ಕ ಹಾಕಿದರೆ ಇಡೀ ವರದಿ ತಪ್ಪುತ್ತದೆ.

ಸಮಯ ಹೊಂದುವುದು ಯುರೋಪಿನ ಜೊತೆ. ಇಲ್ಲಿ ಮಧ್ಯಾಹ್ನ 2 ಗಂಟೆಯಾದಾಗ ಜರ್ಮನಿಯಲ್ಲಿ ಬೆಳಗ್ಗೆ 10.30. ನ್ಯೂಯಾರ್ಕ್ ಆದರೆ ಅವರ 9.30ಕ್ಕೆ ನಮಗೆ ಸಂಜೆ 7, ಅಷ್ಟು ಹೊತ್ತಿಗೆ ಒಳನಾಡಿನ ಮಕ್ಕಳಿಗೆ ಬಸ್ಸಿರುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮರುದಿನದಿಂದ ನಮ್ಮ 2 ಗಂಟೆ ಅವರಿಗೆ 9.30. ಅರ್ಧ ಗುಂಪು ತಪ್ಪಿಸಿಕೊಳ್ಳುವುದು ಆ ವಾರವೇ, ಮೊದಲೇ ಬರೆದು ಕಳಿಸಿ. ಜೂನ್-ಆಗಸ್ಟ್‌ನಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಸೆಪ್ಟೆಂಬರ್ ನಡುವೆ ಶುರು ಮಾಡಿ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ವಾರ ಬಿಡುವು ಕೊಡಿ, ಪುತ್ತರಿ ಸುಗ್ಗಿ ಹಬ್ಬಕ್ಕೆ ಮುಂಚೆ ಮುಗಿಸಿ.

ನಾಲ್ಕೇರಿ_ಓದುಗ

ಕಾಫಿ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರ ಜೊತೆಗಿನ ಒಡನಾಟವನ್ನೂ ಸೇರಿಸಿ. ಆದರೆ ತೋಟದ ಮಾಲೀಕರ ಅನುಮತಿ ಬೇರೆ, ಕಾರ್ಮಿಕರ ಒಪ್ಪಿಗೆ ಬೇರೆ. ತೋಟದ ರೈಟರ್ (ಗುಮಾಸ್ತ) ಪಕ್ಕದಲ್ಲಿ ನಿಂತಿರುವಾಗ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಅದು ಒಪ್ಪಿಗೆಯಲ್ಲ. ಆದಿವಾಸಿ ಹಾಡಿಗಳಿಗೂ ಇದೇ ಮಾತು. ಮೊದಲ ಮೂರು ಭೇಟಿಗೆ ಮೊಬೈಲ್ ಹೊರಗೆ ತೆಗೆಯಬಾರದು, ಮಕ್ಕಳ ಫೋಟೊ ಯಾವತ್ತೂ ಬೇಡ. ಅವರಿಗೂ ಏನಾದರೂ ಉಪಯೋಗವಾಗಲಿ. ಊರಿನ ರೇಷನ್ ಕಾರ್ಡ್‌ಗೆ ಇಲ್ಲೇ ಅಕ್ಕಿ ಪಡೆಯುವುದು ಹೇಗೆ ಎಂದು ಹಿಂದಿಯಲ್ಲಿ ತಿಳಿಸಿ, ನ್ಯಾಯಬೆಲೆ ಅಂಗಡಿಗೆ ಒಂದು ಸಲ ಜೊತೆಗೆ ಹೋಗಿ ಬಂದರೂ ದೊಡ್ಡ ಕೆಲಸ. ಕೊನೆಗೆ ಆ ಮನೆಯವರನ್ನೇ ಕೇಳಿ, ‘ಈ ಹುಡುಗಿ ಮತ್ತೆ ಬರಬಹುದೇ?’ ಅವರು ಹೇಳಿದ್ದನ್ನು ಹೇಳಿದಂತೆಯೇ ಕಡತದಲ್ಲಿ ಇಡಿ.

ಲಕ್ಷ್ಮಣತೀರ್ಥ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ: ಮನೆಯಲ್ಲೇ ಕೊಡವ ತಕ್ಕ್, ಮಲಯಾಳ, ಕನ್ನಡ ಮೂರೂ ಆಡುವ ಮಕ್ಕಳಿದ್ದಾರೆ. ಅದನ್ನೇ ಅರ್ಹತೆ ಅನ್ನಬಹುದೇ?

ಬೆಟ್ಟದಹಾದಿ

ಬೇಡ ಮೇಡಂ, ಅದು ಮನೆಯಿಂದ ಬಂದದ್ದು. ಅದೇ ಹುಡುಗ ಸಹಪಾಠಿಯಿಂದ ಎರವ ಬುಡಕಟ್ಟಿನ ಮಾತು ಕಲಿತು, ಅವರ ಹಿರಿಯರ ಜೊತೆ ಹತ್ತು ನಿಮಿಷ ಮಾತಾಡಿದರೆ ಖಂಡಿತ ಪರಿಗಣಿಸಿ. ಪ್ರಮಾಣಪತ್ರದಲ್ಲಿ ‘ಜಾಗತಿಕ ನಾಗರಿಕ’ ಅಂತ ಬರೆಯಿಸಬೇಡಿ. ಯಾವ ಸಮುದಾಯ, ಯಾವ ಭಾಷೆ, ಎಷ್ಟು ಭೇಟಿ, ಎಷ್ಟು ಗಂಟೆ, ಮೂರು ಮಾನದಂಡಗಳಲ್ಲಿ ಯಾವ ಹಂತ, ಇಷ್ಟು ಇರಲಿ. ಕೆಲಸಕ್ಕೋ ಸ್ನಾತಕೋತ್ತರ ಪ್ರವೇಶಕ್ಕೋ ಹೋದಾಗ ಎದುರಿಗಿರುವವರು ಪ್ರಶ್ನೆ ಕೇಳುವುದು ಆ ಸಾಲುಗಳಿಂದಲೇ.