ಸಾಂಕ್ರಾಮಿಕ ಕಾಲದ ಆದೇಶಗಳಿಗೆ ಸದನದ ಒಪ್ಪಿಗೆ ಬೇಡವೇ?

ಪ್ರಶ್ನೆ:
2020ರ ಮಾರ್ಚ್ 24ರಂದು ದೇಶವ್ಯಾಪಿ ಲಾಕ್‌ಡೌನ್ ಆದೇಶ ಹೊರಬಿತ್ತು. ಅದರ ಹಿಂದಿನ ದಿನವೇ ಅನಿರ್ದಿಷ್ಟಾವಧಿಗೆ ಮುಂದೂಡಲಾಗಿದ್ದ ಸಂಸತ್ತು ಮತ್ತೆ ಸೇರಿದ್ದು ಸೆಪ್ಟೆಂಬರ್ 14ರಂದು, ಅದೂ ಪ್ರಶ್ನೋತ್ತರ ಕಲಾಪವಿಲ್ಲದೆ. ಈ ನಡುವೆ ಜನರ ಓಡಾಟದಿಂದ ಅಂತ್ಯಸಂಸ್ಕಾರದವರೆಗೆ ಎಲ್ಲವನ್ನೂ ಕಟ್ಟಿಹಾಕಿದ ಆದೇಶಗಳಿಗೆ ಸದನದ ಅನುಮೋದನೆ ಬೇಕಾಗಲೇ ಇಲ್ಲ. ರಾಷ್ಟ್ರಪತಿಗಳ ಸುಗ್ರೀವಾಜ್ಞೆಯೂ ಸಂಸತ್ತು ಮತ್ತೆ ಸೇರಿದ ಆರು ವಾರಗಳಲ್ಲಿ ಅಂಗೀಕಾರವಾಗದಿದ್ದರೆ ಬಿದ್ದುಹೋಗುತ್ತದೆ. ಹೀಗಿರುವಾಗ ಕಾರ್ಯದರ್ಶಿಯೊಬ್ಬರ ಸಹಿಯ ಆದೇಶಕ್ಕೆ ಈ ವಿನಾಯಿತಿ ಎಲ್ಲಿಂದ ಬಂತು?

ಉತ್ತರ 1:
ವಿನಾಯಿತಿ ಕಾನೂನಿನಲ್ಲೇ ಇದೆ. ಮುಂಬಯಿಯ ಪ್ಲೇಗಿನ ಹಿನ್ನೆಲೆಯಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಮೂಲ ರೂಪದಲ್ಲಿದ್ದುದು ನಾಲ್ಕೇ ಕಲಮುಗಳು. ಎರಡನೆಯದು ಸರ್ಕಾರಕ್ಕೆ ತನಗೆ ಅಗತ್ಯವೆನಿಸಿದ ನಿಬಂಧನೆ ಹೊರಡಿಸುವ ಅಧಿಕಾರ ಕೊಟ್ಟರೆ, ನಾಲ್ಕನೆಯದು ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯನ್ನು ದಾವೆಯಿಂದ ಕಾಪಾಡುತ್ತದೆ. ಪ್ರಜಾಪ್ರತಿನಿಧಿಗಳ ಸದನಕ್ಕೆ ಉತ್ತರಿಸುವ ಪ್ರಶ್ನೆಯೇ ಇಲ್ಲದ ವಸಾಹತು ಸರ್ಕಾರ ಅದನ್ನು ಬರೆಯಿತು ಎಂಬುದನ್ನು ನೆನೆದರೆ ಆಶ್ಚರ್ಯವಾಗದು. ಆಶ್ಚರ್ಯವಾಗುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು ನೋಡಿದಾಗ. ಅದರ 77ನೇ ಕಲಮು ಕೇಂದ್ರ ಸರ್ಕಾರ ರಚಿಸಿದ ನಿಯಮಗಳನ್ನು ಸಂಸತ್ತಿನ ಮುಂದೆ ಮಂಡಿಸಬೇಕೆನ್ನುತ್ತದೆ. ಲಾಕ್‌ಡೌನ್ ಬಂದದ್ದು ನಿಯಮವಾಗಿ ಅಲ್ಲ, ಹತ್ತನೇ ಕಲಮಿನಡಿ ಹೊರಟ ಆದೇಶ ಮತ್ತು ಮಾರ್ಗಸೂಚಿಯಾಗಿ. ಹಾಗಾಗಿ ಮಂಡಿಸಬೇಕೆಂಬ ಷರತ್ತು ಅದಕ್ಕೆ ತಟ್ಟಲಿಲ್ಲ.

ಉತ್ತರ 2:
ರೋಗ ಹರಡುತ್ತಿರುವಾಗ ಸದನ ಸೇರಿ, ಚರ್ಚಿಸಿ, ಮತ ಹಾಕುವವರೆಗೆ ಕಾಯಿರಿ ಎಂದರೆ ಅದು ಆಗದ ಮಾತು. ತಜ್ಞರು ಗಂಟೆಗಳಲ್ಲಿ ತೀರ್ಮಾನಿಸಬೇಕಾದುದನ್ನು ಪಕ್ಷಗಳ ಜಗ್ಗಾಟಕ್ಕೆ ಒಪ್ಪಿಸಬಾರದು.

ಉತ್ತರ 3:
ಕಾಯಬೇಕೆಂದು ಯಾರೂ ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ 1984ರ ಸಾರ್ವಜನಿಕ ಆರೋಗ್ಯ ಕಾಯ್ದೆಯಡಿ ಮಂತ್ರಿ ತುರ್ತು ನಿಬಂಧನೆಯನ್ನು ತಕ್ಷಣ ಜಾರಿಗೊಳಿಸಬಹುದು. 28 ದಿನಗಳೊಳಗೆ ಎರಡೂ ಸದನಗಳು ಒಪ್ಪದಿದ್ದರೆ ಅದು ರದ್ದಾಗುತ್ತದೆ. ಸದನ ದೀರ್ಘ ವಿರಾಮದಲ್ಲಿರುವ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲವೆಂಬ ಸಂದು ಅಲ್ಲಿಯೂ ಇದೆ. ಚರ್ಚೆಗೆ ಬರುವ ಹೊತ್ತಿಗೆ ಕೆಲವು ನಿಬಂಧನೆಗಳು ಆಗಲೇ ಬದಲಾಗಿಬಿಟ್ಟಿದ್ದೂ ಉಂಟು. ನ್ಯೂಜಿಲೆಂಡ್ 2020ರ ಮಾರ್ಚ್‌ನಲ್ಲಿ ಸಂಸತ್ತನ್ನು ಮುಂದೂಡುವಾಗಲೇ ವಿರೋಧ ಪಕ್ಷದ ನಾಯಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಮಂತ್ರಿಗಳೂ ಅಧಿಕಾರಿಗಳೂ ಅದಕ್ಕೆ ವಿಡಿಯೊ ಮೂಲಕವೇ ಉತ್ತರಿಸಿದರು.

ಒಪ್ಪಿಗೆ ಕೇಳದೆ ಆದೇಶವನ್ನು ಸದನದ ಮುಂದಿಡುವ ಕೇವಲ ಮಂಡನೆಯಿಂದ ಹೆಚ್ಚೇನೂ ಸಿಗದು ಎಂಬುದು ನನ್ನ ಅಭಿಪ್ರಾಯ. ಅಟ್ಲಾಸ್ ಸೈಕಲ್ ಪ್ರಕರಣದಲ್ಲಿ (1979) ಸುಪ್ರೀಂ ಕೋರ್ಟ್, ಬರಿಯ ಮಂಡನೆಯ ಷರತ್ತು ನಿರ್ದೇಶನಾತ್ಮಕವೇ ಹೊರತು ಕಡ್ಡಾಯವಲ್ಲ, ಮಂಡಿಸದ ಮಾತ್ರಕ್ಕೆ ಆದೇಶ ಅಸಿಂಧುವಾಗದು ಎಂದಿತು. ಆದ್ದರಿಂದ ಒಪ್ಪಿಗೆ ಸಿಗದಿದ್ದರೆ ಆದೇಶ ತಾನಾಗಿಯೇ ಕೊನೆಗೊಳ್ಳುವ ದಿನಾಂಕ ಕಾಯ್ದೆಯಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು:
ಆ ದಿನಾಂಕ ತೀರಾ ಹತ್ತಿರವಿದ್ದರೆ? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2021ರ ಮೇ ತಿಂಗಳ ಜನಮತದ ನಂತರ ಗವರ್ನರ್ ಘೋಷಿಸುವ ವಿಪತ್ತು ತುರ್ತುಸ್ಥಿತಿ 21 ದಿನ ಮಾತ್ರ. ಮುಂದುವರಿಸಲು ಶಾಸಕಾಂಗವೇ ಒಪ್ಪಬೇಕು.

ಉತ್ತರ 3:
ಅಷ್ಟು ಬಿಗಿ ಬೇಡ, ಎರಡು ತಿಂಗಳಾದರೂ ಸಾಕು. ನಿಷೇಧಾಜ್ಞೆಗೆ ಬಳಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನಲ್ಲೂ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಷ್ಟೇ ಆಯುಸ್ಸಿತ್ತು. ಜಿಲ್ಲಾಧಿಕಾರಿಗಳ ಸ್ಥಳೀಯ ಆದೇಶಗಳನ್ನೆಲ್ಲ ಸದನಕ್ಕೆ ಒಯ್ಯಲಾಗದು. ಅವನ್ನು ಕಾಯ್ದೆಗಳಡಿ ಸರ್ಕಾರ ಮಾಡುವ ನಿಯಮಗಳನ್ನು ನೋಡುವ ಸದನದ ಅಧೀನ ಶಾಸನ ಸಮಿತಿಯ ಪರಿಶೀಲನೆಗೆ ಬಿಡಬಹುದು.