ಪದಚರ್ಚೆ: ಗಣಿಯ ‘ಟೈಲಿಂಗ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆಲ್ಲ ನಮಸ್ಕಾರ.

ಗೋವಾದ ಫೋಂಡಾದಿಂದ ಬರೆಯುತ್ತಿದ್ದೇನೆ. ಇಲ್ಲಿನ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಒಪ್ಪಿಕೊಂಡಿದ್ದೇನೆ. ಅಮೆರಿಕದ ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ತಾಮ್ರದ ಗಣಿ ಊರಿನ ಬಗ್ಗೆ. ಊರು ಬೆಳೆದ ಕಥೆ ಸಲೀಸಾಗಿ ಬಂತು. ಗಣಿ ಬಿಟ್ಟುಹೋದ ವಿಷದ ಕಥೆಗೆ ಬಂದಾಗ ಪದಗಳು ಸಾಲುತ್ತಿಲ್ಲ. ನಾಲ್ಕು ಬೇರೆ ಬೇರೆ ವಸ್ತುಗಳಿಗೆ ನಮ್ಮಲ್ಲಿ ‘ಗಣಿ ತ್ಯಾಜ್ಯ’ ಎಂಬ ಒಂದೇ ಪದ ಓಡಾಡುತ್ತಿದೆ. ಅದನ್ನೇ ಇಟ್ಟುಕೊಂಡರೆ ವಿಷ ಬೆಟ್ಟದಿಂದ ಹೊಳೆಗೆ ಹೇಗೆ ಇಳಿಯಿತು ಅನ್ನೋದು ಓದುವವರಿಗೆ ಕಾಣುವುದೇ ಇಲ್ಲ.

ಓದುವವರು ಯಾರು ಅಂತ ಮೊದಲು ಹೇಳಬೇಕು. ನಮ್ಮ ಸಂಚಿಕೆ ಓದುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದವರು ಜಾಸ್ತಿ. ಡಿಚೋಲಿ, ಸಾಖಳಿ, ಉಸಗಾಂವ ಸುತ್ತ ಕಬ್ಬಿಣದ ಅದಿರಿನ ಟಿಪ್ಪರ್ ಓಡಿಸಿದವರು, ಗ್ಯಾರೇಜ್ ಇಟ್ಟವರು, ಖಾನಾವಳಿ ನಡೆಸಿದವರು. 2012ರಲ್ಲಿ ಇಲ್ಲಿನ ಗಣಿಗಳು ನಿಂತದ್ದು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದ್ದು, ಎರಡೂ ಅವರಿಗೆ ಟಿಪ್ಪರ್ ಸಾಲದ ಕಂತಿನ ಜೊತೆ ನೆನಪಿವೆ. ‘ಗಣಿ ನಿಂತ ಮೇಲೆ ಆ ಜಾಗ ಏನಾಗುತ್ತೆ?’ ಅನ್ನೋದು ಅವರೇ ಕೇಳುವ ಪ್ರಶ್ನೆ. ಬ್ಯೂಟ್ ಆ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋದ ಊರು. ಅದಕ್ಕೇ ಆರಿಸಿಕೊಂಡೆ.

ಅವರ ಬಾಯಲ್ಲಿ ಒಂದು ಪದ ಆಗಲೇ ಇದೆ. ಅದಿರಿಗೆ ‘ಮಾಲು’. ಅದಿರು ಸಿಗಲಿ ಅಂತ ಕಿತ್ತು ಹಾಕಿದ ಕಲ್ಲುಮಣ್ಣಿಗೆ ‘ರಿಜೆಕ್ಷನ್’. ಅದನ್ನು ಸುರಿದ ಗುಡ್ಡಕ್ಕೆ ‘ಡಂಪ್’. ನಮ್ಮ ಪಕ್ಕದ ಮನೆಯ ಡ್ರೈವರಣ್ಣ ‘ಇವತ್ತು ಮಾಲಿಲ್ರಿ, ಬರೇ ರಿಜೆಕ್ಷನ್ ಹೊಡದ್ವಿ’ ಅನ್ನುತ್ತಿದ್ದರು. ಅದು ಕನ್ನಡವೇ ಆಗಿಹೋಗಿದೆ. ಬದಲಾಯಿಸುವ ಆಸೆ ನನಗಿಲ್ಲ. ಬ್ಯೂಟ್‌ನಲ್ಲಿ ಗುಡ್ಡ ಅಗೆದು ರಾಶಿ ಹಾಕಿದ ಕಲ್ಲಿಗೂ ‘ರಿಜೆಕ್ಷನ್ ಕಲ್ಲು’ ಅಂತಲೇ ಬರೆಯುತ್ತೇನೆ.

ತೊಡಕಿರುವುದು ‘ಟೈಲಿಂಗ್ಸ್’ನಲ್ಲಿ. ರಿಜೆಕ್ಷನ್ ಅಂದರೆ ಅದಿರೇ ಅಲ್ಲದ ಕಲ್ಲು. ಟೈಲಿಂಗ್ಸ್ ಬರುವುದು ಅದಿರಿನ ಒಳಗಿಂದಲೇ. ಬ್ಯೂಟ್‌ನಲ್ಲಿ 1955ರಲ್ಲಿ ಬರ್ಕ್ಲಿ ಪಿಟ್ ಎಂಬ ತೆರೆದ ಗಣಿ ಶುರುವಾಯಿತು. ಅಲ್ಲಿನ ಅದಿರಿನಲ್ಲಿ ನೂರು ಕಿಲೋಗೆ ಒಂದು ಕಿಲೋ ತಾಮ್ರವೂ ಇರಲಿಲ್ಲ. ಅಂಥ ಅದಿರನ್ನು ಹಿಟ್ಟಿನಷ್ಟು ಸಣ್ಣಗೆ ಅರೆಯುತ್ತಾರೆ. ನೀರು ಬೆರೆಸಿ, ಎಣ್ಣೆಯಂಥ ರಾಸಾಯನಿಕ ಹಾಕಿ, ಗಾಳಿ ಊದಿ ನೊರೆ ಎಬ್ಬಿಸುತ್ತಾರೆ. ತಾಮ್ರದ ಕಣಗಳು ನೊರೆಗೆ ಅಂಟಿ ಮೇಲೆ ಬರುತ್ತವೆ. ತಳದಲ್ಲಿ ಉಳಿದ ರಾಡಿಯೇ ಟೈಲಿಂಗ್ಸ್. ಅಂದರೆ ಅರೆದ ಅದಿರೆಲ್ಲ ಹೆಚ್ಚು ಕಡಿಮೆ ಅದೇ ಆಗುತ್ತದೆ. ಕಲ್ಲಿನೊಳಗೆ ಗಟ್ಟಿಯಾಗಿ ಕೂತಿದ್ದ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಈಗ ಹಿಟ್ಟಾಗಿ, ಗಾಳಿಗೂ ನೀರಿಗೂ ಸಿಗುವಂತೆ ಹೊರಗೆ ಬಂದಿರುತ್ತವೆ. ‘ತ್ಯಾಜ್ಯ’ ಎಂಬ ಪದದಲ್ಲಿ ಈ ಅರೆಯುವಿಕೆಯ ಸುಳಿವೇ ಇಲ್ಲ.

ನನ್ನ ಮುಂದಿರುವ ಪದಗಳನ್ನು ಹೇಳುತ್ತೇನೆ.

‘ಹೂಳು’. ಕುದುರೆಮುಖದ ಲಖ್ಯಾ ಅಣೆಕಟ್ಟು ನೆನಪಿರುವವರಿಗೆ ಇದು ಸಹಜ ಅನ್ನಿಸಬಹುದು. ಸುಮಾರು 100 ಮೀಟರ್ ಎತ್ತರದ ಆ ಅಣೆಕಟ್ಟು ಕಟ್ಟಿದ್ದೇ ಕಬ್ಬಿಣದ ಅದಿರು ತೊಳೆದ ಮೇಲೆ ಉಳಿದದ್ದನ್ನು ತಡೆದಿಡಲು. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು, ಒಳಗೆ ತುಂಬಿದ್ದು ಹಾಗೇ ಇದೆ. ಆದರೆ ಕೆರೆಯ ಹೂಳು ಮಳೆ ನೀರಿನ ಜೊತೆ ತಾನಾಗಿ ಬಂದು ಕೂರುವಂಥದ್ದು. ರೈತರು ಅದನ್ನು ಎತ್ತಿ ಹೊಲಕ್ಕೆ ಹಾಕುತ್ತಾರೆ. ಆರ್ಸೆನಿಕ್ ಇರುವ ಪುಡಿಗೆ ಆ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಓದಿದವರು ಅಪಾಯವಿಲ್ಲ ಅಂದುಕೊಂಡರೆ?

‘ಕೆಸರು’ ಎಂಬುದು ಒದ್ದೆ ಇರುವವರೆಗೆ ಸರಿ. ಒಣಗಿದ ಮೇಲೆ ಅದೇ ಧೂಳಾಗಿ ಏಳುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಬೇಸಿಗೆ ಗಾಳಿಗೆ ಅಲ್ಲಿನ ‘ಸೈನೈಡ್ ಗುಡ್ಡ’ಗಳ ಪುಡಿ ಮನೆಯೊಳಗೆ ಬರುವುದನ್ನು ಅಲ್ಲಿಯವರು ಬಲ್ಲರು. ಆ ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಏನು ಹಾಕಿ ಚಿನ್ನ ತೆಗೆದರೋ ಅದರ ಹೆಸರನ್ನೇ ಗುಡ್ಡಕ್ಕೆ ಇಟ್ಟಿದ್ದಾರೆ. ತಾಮ್ರಕ್ಕೆ ಮಾತ್ರ ಅದು ಹೊಂದುವುದಿಲ್ಲ.

‘ಚರಟ’. ಸದ್ಯಕ್ಕೆ ನನ್ನ ಒಲವು ಈ ಕಡೆಗೆ. ಕಾಫಿ ಸೋಸಿದ ಮೇಲೆ ಉಳಿಯುವುದು ಚರಟ. ಪುಡಿ ಮಾಡಿದ್ದು, ನೀರು ಹಾಕಿದ್ದು, ಸಾರ ತೆಗೆದದ್ದು, ಮೂರೂ ಆ ಒಂದು ಪದದಲ್ಲಿವೆ. ‘ಅದಿರಿನ ಚರಟ’ ಅಂದರೆ ವಿವರಣೆ ಬೇಕಾಗುವುದಿಲ್ಲ ಅಂತ ನನ್ನ ಲೆಕ್ಕ. ಧಾರವಾಡ, ವಿಜಯಪುರ ಕಡೆಯವರಿಗೆ ಈ ಪದ ಇದೇ ಅರ್ಥದಲ್ಲಿ ಗೊತ್ತೇ? ಅದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಗದಗಿನವರಿಗೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದ ಜಾಲಗಾರರ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲೇ ಬರೆದಿದ್ದಾರೆ. ಅಕ್ಕಿ ಜಾಲಿಸುವಾಗ ನಾವು ಬಳಸುವ ಅದೇ ಕ್ರಿಯಾಪದ. ಜಾಲಿಸಿ ಚಿನ್ನ ತೆಗೆದ ಮೇಲೆ ಉಳಿದ ಮರಳಿಗೆ ಅವರಲ್ಲಿ ಒಂದು ಹೆಸರು ಇದ್ದೇ ಇರಬೇಕು ಅಲ್ವಾ? ಮನೆಯ ಹಿರಿಯರನ್ನು ಕೇಳಿ ಯಾರಾದರೂ ತಿಳಿಸಿದರೆ ನಾನು ಚರಟವನ್ನು ಬಿಟ್ಟು ಅದನ್ನೇ ಹಿಡಿಯುತ್ತೇನೆ.

ಇನ್ನು ಚರಟ ಹೊಳೆಗೆ ಇಳಿದ ಕಥೆ. ಬ್ಯೂಟ್‌ನ ಗಿರಣಿಗಳು ಅದನ್ನು ಸಿಲ್ವರ್ ಬೋ ಎಂಬ ಹಳ್ಳಕ್ಕೆ ಬಿಟ್ಟವು. ಆ ಹಳ್ಳದ ನೀರು ಮುಂದೆ ಕ್ಲಾರ್ಕ್ ಫೋರ್ಕ್ ನದಿ ಸೇರುತ್ತದೆ. 1908ರಲ್ಲಿ ಭಾರಿ ನೆರೆ ಬಂತು. ದಡದುದ್ದಕ್ಕೂ ರಾಶಿ ಬಿದ್ದಿದ್ದ ಚರಟ ಎದ್ದು, ಸುಮಾರು 190 ಕಿಲೋಮೀಟರ್ ಕೆಳಗೆ ಆಗಷ್ಟೇ ಕಟ್ಟಿ ಮುಗಿಸಿದ್ದ ಮಿಲ್‌ಟೌನ್ ಅಣೆಕಟ್ಟಿನ ಹಿಂದೆ ಹೋಗಿ ಕೂತಿತು. ಆ ಊರಿನ ಕುಡಿಯುವ ನೀರಿನ ಬಾವಿಗಳಲ್ಲಿ ಆರ್ಸೆನಿಕ್ ಇದೆ ಅಂತ ಗೊತ್ತಾದದ್ದು 1981ರಲ್ಲಿ. ನಡುವೆ ಎಪ್ಪತ್ತು ವರ್ಷಕ್ಕೂ ಜಾಸ್ತಿ. ಕೊನೆಗೆ 2008ರಲ್ಲಿ ಅಣೆಕಟ್ಟನ್ನೇ ಒಡೆದರು. ಹಿಂದಿದ್ದ ಚರಟವನ್ನು ರೈಲಿನಲ್ಲಿ ತುಂಬಿ, ನದಿಯ ಮೇಲಿನ ಕಡೆಗೇ ವಾಪಸ್ ಸಾಗಿಸಿ, ಆಪರ್ಚುನಿಟಿ ಎಂಬ ಊರಿನ ಪಕ್ಕದ ಹಳೇ ಚರಟದ ಹೊಂಡಗಳ ಮೇಲೆ ಹಾಕಿದರು. ಆ ಊರಿನವರ ಬಗ್ಗೆ ಓದಿದಾಗ ನನಗೆ ಸಂಕಟವಾಯಿತು. ಒಬ್ಬರ ಹೊಳೆ ಶುದ್ಧವಾಗಲು ಇನ್ನೊಬ್ಬರ ಮನೆ ಬಾಗಿಲಿಗೆ ರಾಶಿ ಬಿತ್ತು.

ಇಲ್ಲೇ ಮೂರನೇ ಪ್ರಶ್ನೆ. ನೆರೆ ಇಳಿದ ಮೇಲೆ ನದಿಯ ಎರಡೂ ದಡದಲ್ಲಿ ಹುಲ್ಲೂ ಹುಟ್ಟದ ಬೋಳು ಪಟ್ಟೆಗಳು ಉಳಿದವು. ಅಲ್ಲಿಯವರು ಅದಕ್ಕೆ ‘ಸ್ಲಿಕೆನ್ಸ್’ ಅನ್ನುತ್ತಾರೆ. ಒಣ ಬೇಸಿಗೆಯಲ್ಲಿ ಆ ನೆಲದ ಮೇಲೆ ಹಸಿರು ಮಿಶ್ರಿತ ನೀಲಿ ಉಪ್ಪು ಹೂವಿನಂತೆ ಏಳುತ್ತಿತ್ತು. ಜೋರು ಮಳೆ ಬಂದರೆ ಆ ಉಪ್ಪು ಒಮ್ಮೆಗೇ ಕರಗಿ ನದಿಗೆ ಇಳಿದು ಮೀನು ಸಾಯುತ್ತಿದ್ದವು. ನಮ್ಮ ‘ಚೌಳು’ ಅಥವಾ ‘ಸವಳು’ ತಕ್ಷಣ ನೆನಪಿಗೆ ಬರುತ್ತದೆ. ನೋಡಲು ಹಾಗೇ ಇರುತ್ತದೆ, ಬೆಳೆಯೂ ಬರುವುದಿಲ್ಲ. ಆದರೆ ಚೌಳು ನೆಲ ಕ್ಷಾರ, ಇದು ಹುಳಿ. ನಮ್ಮ ರೈತರು ಚೌಳು ಅಂದ ಕೂಡಲೇ ಜಿಪ್ಸಂ ಹಾಕುವ ಮಾತಾಡುತ್ತಾರೆ. ಇಲ್ಲಿ ಬೇಕಾದದ್ದು ಸುಣ್ಣ. ‘ತಾಮ್ರದ ಚೌಳು’ ಅಂದರೆ ನಡೆದೀತೇ, ಅಥವಾ ದಾರಿ ತಪ್ಪಿಸುತ್ತದೆಯೇ? ಕೃಷಿ ವಿಶ್ವವಿದ್ಯಾಲಯದಲ್ಲಿ ಇರುವವರು ದಯವಿಟ್ಟು ಹೇಳಿ.

ಆ ನೀಲಿ ಉಪ್ಪಿಗೆ ಮಾತ್ರ ನಮ್ಮಲ್ಲಿ ಪಕ್ಕಾ ಪದ ಇದೆ. ಮೈಲುತುತ್ತ. ನಾನು ಶಿರಸಿ ಕಡೆಯವನು. ಅಡಿಕೆಗೆ ಕೊಳೆ ರೋಗ ಬರದಂತೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೊ ದ್ರಾವಣ ಮಾಡುವುದನ್ನು ನೋಡಿಯೇ ಬೆಳೆದದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪಗೆ ಲೇಪ ಕೂತರೆ ದ್ರಾವಣ ಇನ್ನೂ ಹುಳಿ ಇದೆ, ತಾಮ್ರ ಬಿಡುತ್ತಿದೆ ಅಂತ ಅರ್ಥ. ಇನ್ನಷ್ಟು ಸುಣ್ಣ ಹಾಕಬೇಕು. ಬ್ಯೂಟ್‌ನಲ್ಲಿ 1890ರ ದಶಕದಿಂದಲೇ ಇದೇ ವಿದ್ಯೆಯಿಂದ ತಾಮ್ರ ತೆಗೆದರು. ಗಣಿಯಿಂದ ಎತ್ತಿದ ನೀರನ್ನು ಗುಜರಿ ಕಬ್ಬಿಣದ ಮೇಲೆ ಹರಿಸುವುದು, ಕೂತ ತಾಮ್ರವನ್ನು ಕೆರೆದು ತೆಗೆಯುವುದು. ಅಡಿಕೆ ತೋಟ ಇಲ್ಲಿ ಫೋಂಡಾ, ಸತ್ತರಿಯಲ್ಲೂ ಇರುವುದರಿಂದ ಈ ಭಾಗವನ್ನು ಕತ್ತಿಯ ಪರೀಕ್ಷೆಯಿಂದಲೇ ಬರೆಯುತ್ತೇನೆ.

ಆ ನೀರಿಗೆ ಏನನ್ನೋಣ ಎಂಬುದು ನಾಲ್ಕನೆಯದು. ಕಲ್ಲಿನಲ್ಲಿರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಇನ್ನಷ್ಟು ಲೋಹ ಕರಗಿಸುತ್ತದೆ. ಗಣಿ ನಡೆಯುವವರೆಗೆ ಪಂಪ್ ಹಾಕಿ ನೀರು ಎತ್ತುತ್ತಿದ್ದರು. 1982ರ ಏಪ್ರಿಲ್‌ನಲ್ಲಿ ಪಂಪ್ ನಿಲ್ಲಿಸಿದರು. ಸಾವಿರಾರು ಕಿಲೋಮೀಟರ್ ಸುರಂಗ ತುಂಬಿ, ನೀರು ಬರ್ಕ್ಲಿ ಪಿಟ್ಟಿನೊಳಗೆ ಏರಿತು. 1995ರ ನವೆಂಬರ್‌ನಲ್ಲಿ ವಲಸೆ ಹೋಗುತ್ತಿದ್ದ ಹಿಮ ಬಾತುಗಳ ಗುಂಪು ಅದರ ಮೇಲೆ ಇಳಿಯಿತು. 342 ಹಕ್ಕಿಗಳು ಸತ್ತವು. 2016ರಲ್ಲಿ ಹಾಗೇ ಮತ್ತೆ, ಈ ಸಲ ಸಾವಿರಾರು. ಈಗ ನೀರು ಸಮುದ್ರಮಟ್ಟದಿಂದ 5,410 ಅಡಿ ದಾಟದಂತೆ ಎತ್ತಿ, ಸುಣ್ಣ ಹಾಕಿ ಶುದ್ಧ ಮಾಡಿ ಬಿಡುತ್ತಿದ್ದಾರೆ. ಈ ಕೆಲಸಕ್ಕೆ ಕೊನೆಯ ತಾರೀಕು ಅನ್ನೋದೇ ಇಲ್ಲ. ಇಂಗ್ಲಿಷಿನ ‘ಆಸಿಡ್ ಮೈನ್ ಡ್ರೈನೇಜ್’ಗೆ ‘ಆಮ್ಲೀಯ ಗಣಿ ಒಳಚರಂಡಿ’ ಎಂಬ ಅನುವಾದ ಕಂಡೆ. ದಯವಿಟ್ಟು ಅದು ಬೇಡ, ಇಲ್ಲಿ ಚರಂಡಿಯೇ ಇಲ್ಲ. ‘ಗಣಿಯ ಹುಳಿನೀರು’ ಅಂತ ಬರೆದುಕೊಂಡಿದ್ದೇನೆ.

ಅದಿರು ಕರಗಿಸಿ ಲೋಹ ತೆಗೆದ ಮೇಲೆ ಉಳಿಯುವ ‘ಸ್ಲಾಗ್’ಗೆ ‘ಕಿಟ್ಟ’ ಇದ್ದೇ ಇದೆ, ಚರ್ಚೆ ಬೇಕಿಲ್ಲ. ಹತ್ತಿರದ ಅನಕೊಂಡಾ ಊರಿನಲ್ಲಿ ಕರಗಿಸುವ ಕುಲುಮೆ 1980ರವರೆಗೆ ಉರಿಯಿತು. 585 ಅಡಿಯ ಅದರ ಚಿಮಣಿ ಇನ್ನೂ ನಿಂತಿದೆ. ಕಪ್ಪು ಕಿಟ್ಟದ ಗುಡ್ಡವೂ ಇದೆ. ಹಳೇ ಕುಲುಮೆಯ ಜಾಗದಲ್ಲಿ 1997ರಲ್ಲಿ ಮಾಡಿದ ಗಾಲ್ಫ್ ಮೈದಾನದಲ್ಲಿ ಮರಳಿನ ಬದಲು ಆ ಕಿಟ್ಟವನ್ನೇ ಹರಡಿದ್ದಾರೆ.

ಇದೆಲ್ಲ ಮಣ್ಣು ನೀರಿನ ಮಾತಾಯಿತು. ಜನರ ಮಾತೂ ಒಂದಿದೆ. ಬ್ಯೂಟ್‌ಗೆ ಐರ್ಲೆಂಡ್, ಕಾರ್ನ್‌ವಾಲ್, ಫಿನ್‌ಲೆಂಡ್, ಇಟಲಿ, ಸರ್ಬಿಯಾದಿಂದ ಜನ ಬಂದು ದುಡಿದರು. 1878ರಲ್ಲೇ ಯೂನಿಯನ್ ಕಟ್ಟಿದರು. 1917ರ ಜೂನ್ 8ರಂದು ಕೆಳಗಿಳಿಸುತ್ತಿದ್ದ ವಿದ್ಯುತ್ ಕೇಬಲ್‌ನ ಎಣ್ಣೆ ಹೊದಿಕೆಗೆ ದೀಪದ ಕಿಡಿ ತಾಗಿ 168 ಜನ ನೆಲದಡಿ ಸತ್ತರು. ಆಮೇಲೆ ತೆರೆದ ಗಣಿ ಬಂದಾಗ ಇಟಾಲಿಯನ್ನರ ಮೀಡರ್‌ವಿಲ್ ಎಂಬ ಕೇರಿಯನ್ನೇ ಪಿಟ್ ನುಂಗಿತು. ಕಲ್ಲಿನ ಧೂಳು ಕುಡಿದು ಬರುವ ಶ್ವಾಸಕೋಶದ ರೋಗಕ್ಕೆ ಅಲ್ಲಿನ ಕಾರ್ಮಿಕರು ‘ಮೈನರ್ಸ್ ಕಾನ್’ ಅನ್ನುತ್ತಿದ್ದರು. ಕಾನ್ ಅಂದರೆ ಕ್ಷಯಕ್ಕಿದ್ದ ಹಳೇ ಹೆಸರಿನ ಮೊಟಕು ರೂಪ. ‘ಗಣಿ ಕ್ಷಯ’ ಅಂತ ಬರೆದರೆ ಆಡುಮಾತು ಉಳಿಯುತ್ತದೆ, ಆದರೆ ಅಂಟುರೋಗ ಅಂದುಕೊಳ್ಳುವ ಅಪಾಯವಿದೆ. ಹಾಗಾಗಿ ಮೊದಲ ಸಲ ‘ಗಣಿ ಕ್ಷಯ’, ಆಮೇಲೆಲ್ಲ ‘ಸಿಲಿಕೋಸಿಸ್’. ಒಪ್ಪಿಗೆಯೇ?

ಕೊನೆಯದಾಗಿ, ಸಂಪಾದಕರು ಲೇಖನಕ್ಕೆ ‘ತಾಮ್ರದೂರಿನ ಪರಿಸರ ಪರಂಪರೆ’ ಅಂತ ತಲೆಬರಹ ಸೂಚಿಸಿದ್ದಾರೆ. ನಾನು ಒಪ್ಪಿಲ್ಲ. ಪರಂಪರೆ ಅಂದ ಕೂಡಲೇ ಹೆಮ್ಮೆಯ ವಿಷಯ ಅನ್ನಿಸುತ್ತದೆ. ‘ಬಳುವಳಿ’ ಇನ್ನೂ ಕೆಟ್ಟದು, ಅದು ತವರಿನವರು ಪ್ರೀತಿಯಿಂದ ಕೊಟ್ಟದ್ದು. ‘ತಾಮ್ರ ಹೋಯಿತು, ಉಳಿದದ್ದೇನು?’ ಅಂತ ಇಡೋಣ ಅಂದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಹಟ್ಟಿ, ಕೆಜಿಎಫ್, ಸಂಡೂರು, ಇಂಗಳದಾಳ ಕಡೆ ಗಣಿಯಲ್ಲಿ ದುಡಿದವರ ಮನೆಯಿಂದ ಬಂದವರು ಈ ಬಳಗದಲ್ಲಿ ಇದ್ದೀರಿ. ನಿಮ್ಮ ಅಪ್ಪ, ದೊಡ್ಡಪ್ಪ, ಮಾವ ಆಡುತ್ತಿದ್ದ ಪದ ಇದ್ದರೆ ಅದೇ ಬೇಕು, ತಮಿಳು ತೆಲುಗು ಬೆರೆತಿದ್ದರೂ ಪರವಾಗಿಲ್ಲ. ಯಾವ ಗಣಿಯಲ್ಲಿ, ಯಾವ ಕೆಲಸದಲ್ಲಿ ಬಳಸುತ್ತಿದ್ದರು ಅಂತಲೂ ಬರೆಯಿರಿ. ತುರ್ತಾಗಿ ಬೇಕಿರುವುದು ‘ಟೈಲಿಂಗ್ಸ್’ ಮತ್ತು ‘ಸ್ಲಿಕೆನ್ಸ್’ ಎರಡಕ್ಕೆ. ತಿಂಗಳ ಕೊನೆಗೆ ಲೇಖನ ಕೊಡಬೇಕು.